ಮಗನ ಕೈಗಿತ್ತ ಪಾಠಟಿಪ್ಪಣಿ

ದೀಪಾವಳಿಯ ರಜೆಗೆ ಹದಿನೇಳು ವರ್ಷದ ಮಗನೊಡನೆ ಜತ್ತದಿಂದ ವಿಜಯಪುರಕ್ಕೆ ಹೋಗಬೇಕೆಂದು, ಶಾಲೆಯ ರೂಢಿಯಂತೆ ತಾಸುವಾರು ಪಾಠಟಿಪ್ಪಣಿಯನ್ನೇ ಸಿದ್ಧಪಡಿಸಿದ್ದೆನು. ಅದನ್ನೋದಿದ ಅವನು, “ಅಪ್ಪಾ, ಇದು ಪ್ರವಾಸವೋ ಪರೀಕ್ಷೆಯೋ? ನೀವೇ ಹೋಗಿ ಬರ್ರಿ” ಎಂದನು. ಮನಸ್ಸಿಗೆ ನಾಟಿತು. ಮಕ್ಕಳ ಆಸಕ್ತಿಯನ್ನರಿತು ಕಲಿಸಬೇಕೆಂದು ಟ್ರೇನಿಂಗಿನಲ್ಲಿ ಕಲಿತ ನಾನು ಸ್ವಂತ ಮಗನನ್ನು ಕೇಳಿಯೇ ಇರಲಿಲ್ಲ! ಕಾಗದವನ್ನೂ ಖರ್ಚಿನ ಹಣವನ್ನೂ ಅವನ ಕೈಗಿತ್ತೆನು.

ಆರು ಸ್ಥಳಗಳಲ್ಲಿ ನಾಲ್ಕನ್ನು ಹೊಡೆದುಹಾಕಿ, ಗೋಳಗುಮ್ಮಟಕ್ಕೆ ಇಡೀ ಮುಂಜಾನೆಯನ್ನೂ ಇಬ್ರಾಹಿಂ ರೋಜಾಕ್ಕೆ ಸಂಜೆಯನ್ನೂ ಮೀಸಲಿಟ್ಟನು. 1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದು ಏರುವ ಕಮಾನುಗಳೇ ಗುಮ್ಮಟವನ್ನು ಹೊತ್ತಿವೆ. ಇದನ್ನು ನನಗೆ ವಿವರಿಸಿದವನು ಅವನೇ. ಮೇಲೆ ಪಿಸುಮಾತಿನ ಮೊಗಸಾಲೆಯ ಆಚೆ ಬದಿಗೆ ಹೋಗಿ, ಗೋಡೆಗೆ ಬಾಯಿಟ್ಟು, “ಅಪ್ಪಾ, ಬರುವ ವರ್ಷ ಬಾದಾಮಿಗೆ ಹೋಗೋಣ” ಎಂದನು.

ಬೆಳೆದ ಮಕ್ಕಳೊಡನೆ ಹೊರಡುವ ತಂದೆತಾಯಂದಿರು ಯೋಜನೆಯನ್ನು ಅವರಿಂದಲೇ ಬರೆಸಲಿ.