ಕಿಡಿಯೊ ಸುತ್ತುವ ರಾತ್ರಿಗಳು

ಏಣೆಲು ಕೊಯ್ಲು ಮುಗಿದು, ಬೈಹುಲ್ಲಿನ ಕುತ್ತರಿ ಅಂಗಳದ ಮೂಲೆಯಲ್ಲಿ ಎದ್ದು, ಗದ್ದೆಗೆ ಸುಗ್ಗಿಯ ನೇಜಿ ಬೀಳುವ ಹೊತ್ತಿಗೆ ನಮ್ಮ ಅಡುಗೆಕೋಣೆಯಲ್ಲಿ ಲೆಕ್ಕ ಶುರುವಾಗುತ್ತಿತ್ತು: ರೇಷನ್ ಕಾರ್ಡಿಗೆ ಸಕ್ಕರೆ ಎಷ್ಟು ಸಿಕ್ಕೀತು, ಸಾಲದ್ದಕ್ಕೆ ಏನು ಮಾಡುವುದು, ಬೇಸಿಗೆಯಲ್ಲಿ ಸುಟ್ಟು ಸುಲಿದು ಅಟ್ಟದ ಡಬ್ಬಿಯಲ್ಲಿಟ್ಟ ಗೇರುಬೀಜ ಎಷ್ಟು ಉಳಿದಿದೆ. ಕ್ಯಾಲೆಂಡರಿನಲ್ಲಿ ನತಾಲಾಂ, ಅಂದರೆ ಕ್ರಿಸ್ಮಸ್, ಡಿಸೆಂಬರ್ 25ಕ್ಕೆ. ಕಿನ್ನಿಗೋಳಿ, ಶಿರ್ವ, ಬಜ್ಪೆ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಬೆಳೆದ ನಮ್ಮಂಥ ಮಕ್ಕಳಿಗೆ ಅದು ಡಿಸೆಂಬರ್ 8ರ ಮರಿಯಮ್ಮನ ಹಬ್ಬದ ಪೂಜೆ ಮುಗಿಸಿ ಬಂದ ಮೇಲೆ, ತೆಂಗಿನೆಣ್ಣೆ ಕಾಯುವ ಪರಿಮಳದೊಂದಿಗೆ ಶುರು. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡುವ ಕಾಲ ಬಂತು ಎಂದು ಆ ಪರಿಮಳವೇ ಗೇಟಿನವರೆಗೆ ಬಂದು ಹೇಳುತ್ತಿತ್ತು.

ಶಾಲೆಯಿಂದ ಬಂದು ಚೀಲ ಬಿಸಾಡಿ, ಗಂಜಿ ಉಂಡು, ಒಬ್ಬ ತೋಟದಿಂದ ಮಡಲು, ಕೊತ್ತಳಿಗೆ ಎಳೆದು ತರಬೇಕು, ಒಬ್ಬಳು ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯಬೇಕು, ಸಣ್ಣವರು ತಡ್ಪೆಯಲ್ಲಿ ಎಳ್ಳು ಹರಡಿಕೊಂಡು ಕಲ್ಲು ಆರಿಸಬೇಕು. ಕಾಯಿಹಾಲು ಹಿಂಡುವುದು ಮಾತ್ರ ಅಮ್ಮನದೇ ಕೈ. ಮೊದಲ ಹಾಲು ಕಿಡಿಯೊ ಹಿಟ್ಟಿಗೆ, ಕೊಕ್ಕಿಸಾಂಗೆ, ಎರಡನೆಯದು ಆ ದಿನದ ಸಾರಿಗೆ, ಉಳಿದ ಚರಟ ಕೋಳಿಗಳಿಗೆ. ಒಂದು ತೆಂಗಿನಕಾಯಿಯಿಂದ ಏನೇನು ಆಗಬಹುದೋ ಅಷ್ಟೂ ಆ ಮನೆಯಲ್ಲಿ ಆಗುತ್ತಿತ್ತು. ಗೆರಟೆ ಕೂಡ ಒಲೆಗೆ ಹೋಗುತ್ತಿರಲಿಲ್ಲ, ಕೇಕಿನ ದಿನಕ್ಕೆ ಎಂದು ಬಚ್ಚಲ ಹಿಂದೆ ರಾಶಿ ಬೀಳುತ್ತಿತ್ತು.

ಕಿಡಿಯೊ ಮಾಡುವುದು ರಾತ್ರಿ. ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಮುಗಿದು, ದೊಡ್ಡವರಿಗೆಲ್ಲ ಕೈಮುಗಿದು ಆಶೀರ್ವಾದ ಬೇಡಿ, ಊಟವಾದ ಮೇಲೆ ಚಾವಡಿಯಲ್ಲಿ ಚಾಪೆ ಹಾಸಿ, ಲಾಟೀನಿನ ಸುತ್ತ ಮನೆಯವರೆಲ್ಲ ಕೂರುವುದು. ಮೈದಾಕ್ಕೆ ಒಂದು ಹಿಡಿ ರವೆ, ಉಪ್ಪು, ಬಿಸಿ ತುಪ್ಪ, ದಪ್ಪ ಕಾಯಿಹಾಲು ಹಾಕಿ ನಾದಿದ ಹಿಟ್ಟು ಒದ್ದೆ ಬಟ್ಟೆಯ ಅಡಿಯಲ್ಲಿ ಕಾಯುತ್ತಿರುತ್ತದೆ. ಬಟಾಣಿಯಷ್ಟು ಹಿಟ್ಟು ಚಿವುಟಿ, ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಲ್ಲಿ ಉರುಳಿಸಿ ಬಿಟ್ಟರೆ ಗೆರೆಗೆರೆಯ ಪುಟ್ಟ ಚಿಪ್ಪು. ಮನೆಯಲ್ಲಿ ಇದ್ದ ಫೋರ್ಕುಗಳು ದೊಡ್ಡವರಿಗೇ ಮುಗಿಯುತ್ತಿದ್ದವು, ನಮಗೆ ಪೇಟೆಯಿಂದ ತಂದ ಹೊಸ ಬಾಚಣಿಗೆ. ಬಾಚಣಿಗೆಯ ಗೆರೆ ಹೆಚ್ಚು ಸಪೂರ, ಹೆಚ್ಚು ಚಂದ ಎಂದು ನಾವು, ಫೋರ್ಕಿನದ್ದೇ ಸರಿ ಎಂದು ಬಾಪ್ಪು. ಅಂಚು ಸರಿಯಾಗಿ ಕೂಡದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ ಎಂದು ದೊಡ್ಡಕ್ಕ ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿ, ಮನಸ್ಸಿಗೆ ಬಾರದ್ದನ್ನು ಮತ್ತೆ ಉಂಡೆ ಮಾಡಿ ನಮ್ಮ ಮುಂದಿಡುತ್ತಿದ್ದಳು.

ಎರಡು ಕಿಲೋ ಹಿಟ್ಟಿಗೆ ಎಷ್ಟು ಸಾವಿರ ಕಿಡಿಯೊ ಆಗುತ್ತಿತ್ತೋ, ಎಣಿಸಿದವರಿಲ್ಲ. ಒಬ್ಬರೇ ಕೂತರೆ ಬೆಳಗಾದರೂ ಮುಗಿಯದ ಕೆಲಸ ಅದು, ಹಾಗಾಗಿ ಆ ರಾತ್ರಿ ಯಾರಿಗೂ ವಿನಾಯಿತಿ ಇರಲಿಲ್ಲ. ಪರೀಕ್ಷೆಗೆ ಓದುವವರು, ಜ್ವರ ಬಿಟ್ಟು ಎದ್ದವರು, ಊಟ ಮುಗಿಸಿ ಹೋಗಲು ಹೊರಟ ನೆರೆಮನೆಯವರು, ಮದುವೆಯಾಗಿ ಹೊಸದಾಗಿ ಬಂದ ಚಿಕ್ಕಮ್ಮ, ಎಲ್ಲರೂ. ಆ ಚಿಕ್ಕಮ್ಮ ನಮ್ಮೊಡನೆ ಮೊದಲ ಸಲ ಬಾಯಿ ಬಿಟ್ಟು ನಕ್ಕದ್ದು ಆ ಚಾಪೆಯ ಮೇಲೆಯೇ. ಅಜ್ಜನ ಕಾಲದ ಕಥೆಗಳು, ಊರಿನ ಸುದ್ದಿಗಳು, ಯಾರ ಮನೆಗೆ ಬೊಂಬಾಯಿಯಿಂದ ಕಾಗದ ಬಂತು, ಯಾರ ಮನೆಗೆ ಬರಲಿಲ್ಲ, ಎಲ್ಲ ನಮ್ಮ ಕಿವಿಗೆ ಬಿದ್ದದ್ದು ಬೆರಳು ಹಿಟ್ಟಿನಲ್ಲಿದ್ದಾಗ. ನಮ್ಮ ಮನೆಯ ಚರಿತ್ರೆಯನ್ನು ಕೂರಿಸಿಕೊಂಡು ಹೇಳಿದವರು ಯಾರೂ ಇಲ್ಲ. ನಮಗೆ ಗೊತ್ತಿರುವುದಷ್ಟೂ ಕಿಡಿಯೊ ಸುತ್ತುತ್ತ ಕೇಳಿದ್ದು. ಮಾರನೆಯ ದಿನ ಅದನ್ನೆಲ್ಲ ಕರಿದು, ದೊಡ್ಡ ಬಾಣಲೆಯ ಸಕ್ಕರೆ ಪಾಕಕ್ಕೆ ಸುರಿದು ಅಮ್ಮ ಕೈ ಬಿಡದೆ ಮಗುಚುವಾಗ, ಒದ್ದೆಯಾಗಿದ್ದ ಪಾಕ ಇದ್ದಕ್ಕಿದ್ದಂತೆ ಬೆಳ್ಳಗೆ ಒಣಗಿ ಗಲಗಲ ಸದ್ದು ಮಾಡುವ ಆ ಗಳಿಗೆಗೆ ನಾವು ಒಲೆಯ ಮುಂದೆ ಕಾದು ನಿಲ್ಲುತ್ತಿದ್ದೆವು.

ಕೊಕ್ಕಿಸಾಂ ನಮ್ಮ ಅಜ್ಜಿ ವ್ಹಡ್ಲಿಮಾಂಯ್ ಪಾಲಿನದು. ಉದ್ದ ಹಿಡಿಯ ಆ ಕಬ್ಬಿಣದ ಹೂವಿನ ಅಚ್ಚು ಅವಳ ತವರಿನಿಂದ ಬಂದದ್ದು, ನಮ್ಮಲ್ಲಿ ಮುಗಿದ ಮೇಲೆ ಊರಿನ ನಾಲ್ಕಾರು ಮನೆ ಸುತ್ತಿ ಬರುತ್ತಿತ್ತು. ಅಕ್ಕಿ ನೆನೆಸಿ ಕಡೆದು, ಕಾಯಿಹಾಲು, ಮೊಟ್ಟೆ, ಸಕ್ಕರೆ, ಕರಿಎಳ್ಳು ಸೇರಿಸಿದ ಹಿಟ್ಟಿಗೆ ಕಾದ ಅಚ್ಚನ್ನು ಅಂಚು ಮುಳುಗದ ಹಾಗೆ ಅದ್ದಬೇಕು. ಮುಳುಗಿದರೆ ಬಿಡುವುದಿಲ್ಲ, ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಹೆಚ್ಚು ಕಾದರೆ ಹಿಟ್ಟಿನಲ್ಲೇ ಚುಂಯ್ ಎಂದು ಬೆಂದುಬಿಡುತ್ತದೆ. ಅವಳು ಎಣ್ಣೆಯ ಸದ್ದಿನಿಂದಲೇ ತಿಳಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ಅವಳ ಹೂವಿನ ಒಂದು ಎಸಳು ಮುರಿದದ್ದಿಲ್ಲ.

ಅದು ನಮಗೆ ದುಃಖದ ಸಂಗತಿಯೇ ಆಗಿತ್ತು, ಏಕೆಂದರೆ ಮನೆಯ ಕಟ್ಟಳೆ ಹೀಗಿತ್ತು: ಬಾಲಯೇಸು ಹುಟ್ಟುವ ಮೊದಲು ಕುಸ್ವಾರ್ ಬಾಯಿಗೆ ಹಾಕಬಾರದು, ಮುರಿದದ್ದಾದರೆ ಮಕ್ಕಳಿಗೆ. ಬಾಯಿ ಬಿಟ್ಟ ನೆವ್ರಿ, ಕಪ್ಪಾದ ತುಕ್ಡಿ, ಸೀಳಿದ ಗುಳಿಯೊ, ಇವುಗಳ ಮೇಲೇ ನಮ್ಮ ಆಸೆಯೆಲ್ಲ. ಉಳಿದದ್ದು ಪೇಪರ್ ಹಾಸಿದ ಬಿಸ್ಕತ್ತಿನ ತಗಡಿನ ಡಬ್ಬಿಗಳೊಳಗೆ, ಕಪಾಟಿನ ಮೇಲೆ. ಕಪಾಟಿನ ನಾಲ್ಕು ಕಾಲೂ ಇರುವೆ ಹತ್ತದ ಹಾಗೆ ನೀರಿನ ಬಟ್ಟಲುಗಳೊಳಗೆ.

ಕೇಕಿಗೆ ಓವನ್ ಎಲ್ಲಿತ್ತು? ದೊಡ್ಡ ಪಾತ್ರೆಯ ತಳಕ್ಕೆ ಹೊಯ್ಗೆ ಸುರಿದು, ಅದರ ಮೇಲೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಗೆರಟೆಯ ಕೆಂಡ. ಬೆಣ್ಣೆ, ಸಕ್ಕರೆ, ಮೊಟ್ಟೆಯನ್ನು ಒಂದೇ ದಿಕ್ಕಿಗೆ ತಿರುವಬೇಕು, ಕೈ ಸೋತರೆ ದಿಕ್ಕು ಬದಲಿಸದೆ ಮತ್ತೊಬ್ಬರ ಕೈಗೆ ಕೊಡಬೇಕು. ಸಕ್ಕರೆ ಸುಟ್ಟು ಕಪ್ಪು ಮಾಡಿದ ನೀರು ಹಾಕಿದರೆ ಬಣ್ಣ. ಬೆಂದಿದೆಯೇ ಎಂದು ನೋಡಲು ತೊಳೆದ ತೆಂಗಿನ ಗರಿಯ ಕಡ್ಡಿ ಚುಚ್ಚುವುದು. ಕಡ್ಡಿಗೆ ಅಂಟಿ ಬಂದ ಬಿಸಿ ಹಿಟ್ಟು ನೆಕ್ಕುವ ಹಕ್ಕು ಎಲ್ಲಕ್ಕಿಂತ ಚಿಕ್ಕವನದು.

24ರ ರಾತ್ರಿ ಸೂಟೆ ಹಿಡಿದು ಗದ್ದೆಯ ಹುಣಿಯ ಮೇಲೆ ಸಾಲಾಗಿ ಇಗರ್ಜಿಗೆ ಹೋದದ್ದು, ಗೋದಲಿಯಲ್ಲಿ ನಾವೇ ಮೊಳಕೆ ಬರಿಸಿದ ರಾಗಿಯ ಹಸಿರು, ಪೂಜೆ ಮುಗಿದು ಬಂದು ಅಪರಾತ್ರಿಯಲ್ಲಿ ತಿಂದ ಮೊದಲ ಕಿಡಿಯೊ. ಬೆಳಗಾದರೆ ಕ್ರೋಶ ಬಟ್ಟೆ ಮುಚ್ಚಿದ ತಟ್ಟೆಗಳ ಮೆರವಣಿಗೆ: ಶೆಟ್ಟರ ಮನೆಗೆ, ಬ್ಯಾರಿಗಳ ಮನೆಗೆ, ತೋಟದಾಚೆಯ ಪೂಜಾರಿಗಳ ಮನೆಗೆ, ಮೊಟ್ಟೆ ತಿನ್ನದ ಭಟ್ಟರ ಮನೆಗೆ ಬಾಳೆಹಣ್ಣಿನ ಗೊನೆ. ತಟ್ಟೆ ಬರಿದಾಗಿ ಮರಳುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರುತ್ತಿತ್ತು. ನಮ್ಮ ಕುಸ್ವಾರಿನ ರುಚಿ ಊರಿನ ಎಷ್ಟೋ ಮಕ್ಕಳಿಗೆ ನಮ್ಮಷ್ಟೇ ಗೊತ್ತು ಎಂಬುದು ಈಗಲೂ ನನಗೆ ಹೆಮ್ಮೆ.

ಆಮೇಲೆ ಒಬ್ಬೊಬ್ಬರೇ ಹೊರಟರು. ಮೊದಲು ಬೊಂಬಾಯಿಗೆ, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಅದು ಘಾಟಿಯ ತಿರುವುಗಳ ರಾತ್ರಿ ಬಸ್ಸು, ಬಸ್ಸಿನ ಮೇಲೆ ಹಗ್ಗ ಬಿಗಿದ ಕುಸ್ವಾರಿನ ಡಬ್ಬಿ. ಆಮೇಲೆ ಕುವೈತ್, ದುಬೈ, ಕೆನಡಾ. ಕೊಕ್ಕಿಸಾಂ ಅಚ್ಚು ದೊಡ್ಡಕ್ಕನ ಜೊತೆ ಟೊರಾಂಟೊಗೆ ಹೋಯಿತು. ಈಗ ಮಂಗಳೂರಿನ ಬೇಕರಿಗಳಲ್ಲಿ ಡಿಸೆಂಬರ್ ಪೂರ್ತಿ ಕುಸ್ವಾರ್ ಪೊಟ್ಟಣ ಸಿಗುತ್ತದೆ, ನಾವೂ ತರುತ್ತೇವೆ, ಚೆನ್ನಾಗಿಯೇ ಇರುತ್ತದೆ. ಒಂದೂ ಮುರಿದಿರುವುದಿಲ್ಲ.

ಅಮ್ಮ ಮಾತ್ರ ಕಿಡಿಯೊ ಕೊಳ್ಳಲು ಒಪ್ಪುವುದಿಲ್ಲ. ಕಳೆದ ವರ್ಷ ಶೆಟ್ಟರ ಮನೆಯ ಸೊಸೆ ಕೆಲಸ ಮುಗಿಸಿ ಸಂಜೆ ಬಂದು ಅವಳ ಜೊತೆ ಕೂತಳಂತೆ, ದಿನಕ್ಕೆ ಒಂದು ಬಟ್ಟಲಿನಷ್ಟು. ಆ ಸೊಸೆಯೇ ಫೋನಿನಲ್ಲಿ ನಮಗೆಲ್ಲ ಫೋಟೊ ಕಳಿಸಿದಳು. ದೊಡ್ಡಕ್ಕ ಟೊರಾಂಟೊದಿಂದ ಅದನ್ನು ದೊಡ್ಡದು ಮಾಡಿ ನೋಡಿ, ಎಡಗಡೆಯ ಮೂರಕ್ಕೆ ಅಂಚು ಕೂಡಿಲ್ಲ, ಬಿಚ್ಚಿ ಮತ್ತೆ ಮಾಡಲು ಹೇಳು ಎಂದು ಬರೆದಳು. ಅವರು ಬಿಚ್ಚಿ ಮಾಡಿದರು.