ಪ್ರಯಾಣದ ಪಟ್ಟಿ

ಶರದೃತುವು ಪ್ರಯಾಣಕ್ಕೆ ಪ್ರಶಸ್ತವಾದ ಕಾಲವೆಂದು ನಮ್ಮ ಪೂರ್ವಿಕರು ಬಗೆದಿದ್ದರು. ರಘುವಂಶದಲ್ಲಿ ರಘು ಮಹಾರಾಜನು ದಿಗ್ವಿಜಯಕ್ಕೆ ಹೊರಡುವುದು ಈ ಕಾಲದಲ್ಲಿಯೇ. ಮಳೆ ಹಿಂದೆಗೆದು, ಹೊಳೆಗಳು ತಗ್ಗಿ, ಹಾದಿಯ ಕೆಸರು ಆರಿದ ಮೇಲೆ ಮನೆಯಲ್ಲಿ ಕುಳಿತವನಿಗೂ ಕಾಲು ನಿಲ್ಲದೆ ಹೋಗುವುದು ಸಹಜವಷ್ಟೆ. ಆದರೆ ರಾಜನಿಗೆ ಮಂತ್ರಿಗಳಿದ್ದರು. ದಾರಿ ಯಾವುದು, ಬಿಡಾರ ಎಲ್ಲಿ ಎಂಬ ಚಿಂತೆಯನ್ನು ಹೊರುವವರು ಬೇರೆ ಇದ್ದರು. ಈಗಿನ ಗೃಹಸ್ಥನಾದರೋ ರಾಜನೂ ತಾನೇ, ಮಂತ್ರಿಯೂ ತಾನೇ, ಮೂಟೆ ಹೊರುವವನೂ ತಾನೇ.

ಶಿವಮೊಗ್ಗೆಯ ಗೃಹಸ್ಥರೊಬ್ಬರು ಲೆಕ್ಕಪತ್ರಗಳ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಅವರ ಮಗಳೂ ಅಳಿಯನೂ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ನೆಲೆಸಿರುವವರು. "ಅಪ್ಪ, ಈ ಸಲ ಅಕ್ಟೋಬರಿನಲ್ಲಿ ಬನ್ನಿ. ಬೇಸಗೆಯ ಜನಸಂದಣಿ ಇರುವುದಿಲ್ಲ, ಹಿಮವೂ ಇನ್ನೂ ಊರಿಗೆ ಇಳಿದಿರುವುದಿಲ್ಲ" ಎಂದು ಮಗಳು ಕರೆದಳು. ಅವಳಿಗೂ ಅಳಿಯನಿಗೂ ರಜೆ ದೊರೆಯುವಂತಿರಲಿಲ್ಲ. ಆದಕಾರಣ ಹತ್ತು ರಾತ್ರಿಗಳ ಮಟ್ಟಿಗೆ ಮುದುಕ ಮುದುಕಿಯರಿಬ್ಬರೇ ರೈಲಿನಲ್ಲಿ ಆಲ್ಪ್ಸ್ ಪರ್ವತದ ಊರುಗಳನ್ನೂ ಸರೋವರಗಳನ್ನೂ ನೋಡಿಬರುವುದೆಂದು ಗೊತ್ತಾಯಿತು.

ಯಜಮಾನರಿಗೆ ಈ ಪ್ರಯಾಣದಲ್ಲಿ ಒಂದು ಹಳೆಯ ಆಸೆ ಅಡಗಿದ್ದಿತು. ಬಾಲ್ಯದಲ್ಲಿ ಸೋದರಮಾವನ ಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನಲ್ಲಿ, ಹಿಮಪರ್ವತದ ಬುಡದಲ್ಲಿ ಸುರಂಗವನ್ನು ಹೊಗುತ್ತಿರುವ ಪುಟ್ಟ ರೈಲಿನ ಚಿತ್ರವನ್ನು ಅವರು ಕಂಡಿದ್ದರು. ಅದು ಯುಂಗ್‌ಫ್ರಾವ್ ಪರ್ವತದ ರೈಲೆಂಬುದು ತಿಳಿದದ್ದು ಎಷ್ಟೋ ವರ್ಷಗಳ ತರುವಾಯ. ಆಕೆಗೆ ಅಂಥ ಆಸೆ ಯಾವುದೂ ಇರಲಿಲ್ಲ. ಹಿಂದಿನ ವರ್ಷ ಹೃದಯದ ರಕ್ತನಾಳಕ್ಕೆ ಚಿಕಿತ್ಸೆಯಾಗಿ ಎದ್ದವರು. ಮಗಳ ಮುಖವನ್ನು ಕಂಡರೆ ಸಾಕೆನ್ನುತ್ತಿದ್ದರು.

ಮೊದಲನೆಯ ಪಟ್ಟಿ ಸಿದ್ಧವಾದುದು ಒಂದು ಭಾನುವಾರದ ಮಧ್ಯಾಹ್ನ. ಲುಜೆರ್ನ್, ಇಂಟರ್‌ಲಾಕೆನ್, ಬರ್ನ್, ಜಿನೀವಾ, ಮಾಂಟ್ರೋ, ಜೆರ್ಮಾಟ್, ಲುಗಾನೋ, ಸಾಂಕ್ಟ್ ಮೊರಿಟ್ಸ್: ಹತ್ತು ರಾತ್ರಿಗಳಿಗೆ ಎಂಟು ಊರು. ಒಂದೊಂದು ರೈಲು ಹೊರಡುವ ಹೊತ್ತು, ತಲಪುವ ಹೊತ್ತು, ಬದಲಾಯಿಸುವ ನಿಲ್ದಾಣ, ಎಲ್ಲವನ್ನೂ ಗೆರೆ ಹಾಕಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಆಕೆ ಕನ್ನಡಕ ಹಾಕಿಕೊಂಡು ಅದನ್ನು ಮೊದಲಿನಿಂದ ಕಡೆಯವರೆಗೆ ಓದಿ, "ಎಲ್ಲವೂ ಇದೆ. ಆದರೆ ಇದರಲ್ಲಿ ನಾವು ಕೂರುವುದು ಎಲ್ಲಿ?" ಎಂದರು.

"ರೈಲಿನಲ್ಲಿ ಕೂತೇ ಇರುತ್ತೇವಲ್ಲ!"

"ಅದು ರೈಲು ಓಡುವುದು. ನಾನು ಕೇಳಿದ್ದು ನಾವು ಕೂರುವುದು."

ಯಜಮಾನರಿಗೆ ಒಡನೆ ಉತ್ತರ ತೋರಲಿಲ್ಲ. ಅವರ ತಪ್ಪೂ ಅಷ್ಟಾಗಿ ಇರಲಿಲ್ಲವೆನ್ನಬೇಕು; ಆ ದೇಶದ ರೈಲಿನ ವ್ಯವಸ್ಥೆಯೇ ಮನುಷ್ಯನಿಗೆ ಅಂಥ ಭ್ರಮೆಯನ್ನು ಹುಟ್ಟಿಸುವುದು. 1982ರಿಂದ ಅಲ್ಲಿ ಗಂಟೆಗಂಟೆಗೂ ಒಂದೇ ನಿಮಿಷಕ್ಕೆ ಬಂಡಿ ಹೊರಡುವ ಕಾಲಪಟ್ಟಿ ಜಾರಿಯಲ್ಲಿದೆ. ದೊಡ್ಡ ನಿಲ್ದಾಣಗಳಲ್ಲಿ ನಾನಾ ದಿಕ್ಕಿನ ಬಂಡಿಗಳು ಗಂಟೆ ಹೊಡೆಯುವುದಕ್ಕೆ ಮುಂಚೆ ಬಂದು ಕೂಡಿ, ಪ್ರಯಾಣಿಕರು ಅದಲುಬದಲಾದ ಮೇಲೆ ಮತ್ತೆ ಚದುರುತ್ತವೆ. ಇಷ್ಟು ಸಲೀಸಾದ ಏರ್ಪಾಡನ್ನು ಕಂಡವನಿಗೆ ದಿನಕ್ಕೆ ಮೂರು ಊರುಗಳನ್ನು ಸೇರಿಸೋಣವೆನಿಸಿದರೆ ಆಶ್ಚರ್ಯವಲ್ಲ. ಆದರೆ ಅದೇ ನಿಲ್ದಾಣಗಳ ಗಡಿಯಾರದಲ್ಲಿ ಒಂದು ವಿಶೇಷವುಂಟು. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರು 1944ರಲ್ಲಿ ಅದರ ರೂಪವನ್ನು ರಚಿಸಿದನು. ಬಳಿಕ ಸೇರಿಸಿದ ಕೆಂಪು ಸೆಕೆಂಡು ಮುಳ್ಳು ಸುಮಾರು ಐವತ್ತೆಂಟೂವರೆ ಸೆಕೆಂಡುಗಳಲ್ಲಿ ಸುತ್ತನ್ನು ಮುಗಿಸಿ, ಮೇಲ್ತುದಿಯಲ್ಲಿ ಕ್ಷಣಕಾಲ ನಿಲ್ಲುವುದು. ಕೇಂದ್ರದ ಗಡಿಯಾರದಿಂದ ಸಂಜ್ಞೆ ಬಂದ ಮೇಲೆ ಮತ್ತೆ ಹೊರಡುವುದು. ನಿಮಿಷ ತಪ್ಪದ ಆ ರೈಲುಗಳೆಲ್ಲ ನಿಮಿಷಕ್ಕೊಮ್ಮೆ ನಿಲ್ಲುವ ಒಂದು ಮುಳ್ಳನ್ನು ನೋಡಿಕೊಂಡು ಓಡುತ್ತವೆ. ಇದನ್ನು ಮಗಳು ಫೋನಿನಲ್ಲಿ ಹೇಳಿದಾಗ ಆಕೆ ನಕ್ಕು, "ಗಡಿಯಾರಕ್ಕಿರುವ ಬುದ್ಧಿ ನಿಮ್ಮಪ್ಪನ ಪಟ್ಟಿಗೆ ಇಲ್ಲ" ಎಂದರು.

ಎರಡನೆಯ ಪಟ್ಟಿಯನ್ನು ತಿದ್ದಿದುದು ಹೆಂಡತಿಯಲ್ಲ, ಋತು. ಆಲ್ಪ್ಸ್ ಪರ್ವತದಲ್ಲಿ ಶರತ್ಕಾಲವೆಂದರೆ ಬಾಗಿಲುಗಳು ಒಂದೊಂದಾಗಿ ಮುಚ್ಚುವ ಕಾಲ. ಜೆರ್ಮಾಟಿನಿಂದ ಸಾಂಕ್ಟ್ ಮೊರಿಟ್ಸಿಗೆ ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ 1930ರಲ್ಲಿ ಆರಂಭವಾದುದು; 291 ಸೇತುವೆಗಳನ್ನೂ 91 ಸುರಂಗಗಳನ್ನೂ ದಾಟಿ ಸುಮಾರು ಎಂಟು ಗಂಟೆ ನಡೆಯುವ ಈ 'ಶೀಘ್ರಗಾಮಿ'ಯನ್ನು ಜಗತ್ತಿನಲ್ಲಿಯೇ ಅತಿ ನಿಧಾನವಾದುದೆಂದು ವಿನೋದವಾಗಿ ಹೇಳುವುದುಂಟು. ಅಕ್ಟೋಬರಿನ ನಡುವಿನಿಂದ ಡಿಸೆಂಬರಿನವರೆಗೆ ಅದು ಓಡುವುದಿಲ್ಲ. ಅದೇ ಹಳಿಗಳ ಮೇಲೆ ಸಾಮಾನ್ಯ ಬಂಡಿಗಳು ಓಡುತ್ತವೆ, ಅವಕ್ಕೆ ಆಸನವನ್ನು ಮುಂಗಡವಾಗಿ ಕಾದಿರಿಸಬೇಕಾಗಿಲ್ಲ. ಆದರೆ ಮೇಲಿಂದ ಮೇಲೆ ಇಳಿದು ಹತ್ತಬೇಕು. ಬೆಟ್ಟಗಳ ತೂಗುಬಂಡಿಗಳಲ್ಲಿ ಎಷ್ಟೋ ರಿಪೇರಿಗಾಗಿ ನಿಲ್ಲುತ್ತವೆ. ಸರೋವರಗಳ ಹಡಗುಗಳು ಕಡಮೆಯಾಗುತ್ತವೆ. ಹಗಲೂ ದಿನದಿನಕ್ಕೆ ಗಿಡ್ಡವಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾದುದು ಮಂಜು. ಗಾಳಿಯಿಲ್ಲದ ಶರತ್ತಿನ ರಾತ್ರಿಗಳಲ್ಲಿ ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ತಂಗಿ, ಅದರೊಳಗಿನ ತೇವ ಮಂಜಾಗಿ ಊರನ್ನೂ ಸರೋವರವನ್ನೂ ಮುಚ್ಚಿಬಿಡುವುದು. ಮೇಲಿನ ಗಾಳಿಯೇ ಬೆಚ್ಚಗಿರುವುದರಿಂದ ಈ ಮಂಜು ಮೇಲೇರಿ ಚದುರಲಾರದು. ಕೆಳಗೆ ಲುಜೆರ್ನಿನಲ್ಲಿ ಮಧ್ಯಾಹ್ನದವರೆಗೂ ಬೂದಿಬಣ್ಣ. ಮೇಲೆ 1,797 ಮೀಟರ್ ಎತ್ತರದ ರಿಗಿ ಶಿಖರದಲ್ಲಿ ನಿಂತವನಿಗೆ ಬಿಸಿಲು, ಕಾಲ ಕೆಳಗೆ ಬಿಳಿಯ ಕಡಲು. ಆದಕಾರಣ ಈ ಕಾಲದಲ್ಲಿ ಯಾವ ದಿನ ಯಾವ ಬೆಟ್ಟವೆಂದು ತಿಂಗಳು ಮುಂಚಿತವಾಗಿ ಬರೆದಿಡುವುದು ವ್ಯರ್ಥ. ಬೆಳಗ್ಗೆ ಎದ್ದು ಶಿಖರದ ಕ್ಯಾಮರಾ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನಿರ್ಣಯಿಸಬೇಕು. ಹಾಗೆ ನಿರ್ಣಯಿಸಬೇಕಾದರೆ ಒಂದೇ ಊರಿನಲ್ಲಿ ಮೂರು ನಾಲ್ಕು ದಿನವಾದರೂ ಇರಬೇಕು. ಅಮೆರಿಕದ ಮಾರ್ಕ್ ಟ್ವೇನನು 1880ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ರಿಗಿಯ ಸೂರ್ಯೋದಯವನ್ನು ನೋಡಹೋಗಿ ನಿದ್ದೆ ಹೋಗಿ, ಕಡೆಗೆ ಎದ್ದು ನೋಡಿದುದು ಸೂರ್ಯಾಸ್ತವಾಗಿತ್ತೆಂದು ಬರೆದು ನಗಿಸಿದ್ದಾನೆ. ಅವನು ತಪ್ಪಿದುದು ಹೊತ್ತನ್ನು. ಅಲ್ಲಿಂದೀಚೆಗೆ ಎಷ್ಟೋ ಪ್ರವಾಸಿಗಳು ಹೊತ್ತನ್ನು ಸರಿಯಾಗಿ ಹಿಡಿದು ಬೆಟ್ಟವನ್ನೇ ತಪ್ಪಿಸಿಕೊಂಡಿದ್ದಾರೆ.

ಹೀಗೆ ಎಂಟು ಊರುಗಳು ಮೂರಾದವು. ಲುಜೆರ್ನಿನಲ್ಲಿ ಮೂರು ರಾತ್ರಿ, ಬ್ರಿಯೆಂಜ್ ಸರೋವರದ ದಡದಲ್ಲಿ ಮೂರು, ಏಂಗಾಡಿನ್ ಕಣಿವೆಯಲ್ಲಿ ನಾಲ್ಕು. ಇದರ ಅನುಕ್ರಮವನ್ನು ಹೇಳಿಕೊಟ್ಟವರು ವೈದ್ಯರು. ತಗ್ಗಿನ ಊರುಗಳಲ್ಲಿ ಕೆಲವು ದಿನವಿದ್ದು ಮೆಲ್ಲಮೆಲ್ಲನೆ ಏರಬೇಕೆಂದೂ, ಎರಡು ಸಾವಿರದ ಚಿಲ್ಲರೆ ಮೀಟರಿನವರೆಗೆ ಅಡ್ಡಿಯಿಲ್ಲವೆಂದೂ, ಅದಕ್ಕೂ ಮೇಲೆ ಆಕೆ ಹೋಗಕೂಡದೆಂದೂ ಅವರ ಕಟ್ಟಳೆ. ಲುಜೆರ್ನಿನ ಸರೋವರ 434 ಮೀಟರ್ ಎತ್ತರದಲ್ಲಿದೆ, ಬ್ರಿಯೆಂಜಿನದು 564, ಸಾಂಕ್ಟ್ ಮೊರಿಟ್ಸಿನದು 1,768. ಸರೋವರಗಳೇ ಮೆಟ್ಟಿಲುಗಳಾಗಿ ಒದಗಿದವು. ಲುಜೆರ್ನಿನಿಂದ ಬ್ರಿಯೆಂಜಿಗೆ ಹೋಗುವ ಬ್ರೂನಿಗ್ ದಾರಿ 1888ರಲ್ಲಿ ತೆರೆದ ಕಿರಿಯ ಅಳತೆಯ ರೈಲುಮಾರ್ಗ. ಅದು ಸಾರ್ನೆನ್, ಲುಂಗರ್ನ್ ಎಂಬ ಎರಡು ಸಣ್ಣ ಸರೋವರಗಳ ಅಂಚಿನಲ್ಲಿಯೇ ಸಾಗಿ, ಹಲ್ಲುಹಳಿಯ ನೆರವಿನಿಂದ ಸಾವಿರ ಮೀಟರಿನ ಕಣಿವೆಬಾಯನ್ನು ಏರಿ ಇಳಿಯುವುದು.

ಲೆಕ್ಕಾಧಿಕಾರಿಗೆ ಇಲ್ಲಿ ಒಂದು ಲಾಭವೂ ಕಂಡಿತು. ಪರದೇಶದವರಿಗಾಗಿ ಇರುವ ಪ್ರಯಾಣದ ಪಾಸನ್ನು ಮೂರು, ನಾಲ್ಕು, ಆರು, ಎಂಟು ಅಥವಾ ಹದಿನೈದು ದಿನಗಳಿಗೆ ಕೊಡುತ್ತಾರೆ; ದಿನದಿನವೂ ಓಡಾಡಿದರೆ ಮಾತ್ರ ಅದರ ಬೆಲೆ ಹುಟ್ಟುವುದು. ಅದಲ್ಲದೆ ಒಂದು ತಿಂಗಳು ನಡೆಯುವ ಅರ್ಧದರದ ಚೀಟಿಯೂ ಉಂಟು. ದಿನಬಿಟ್ಟು ದಿನ ಕೂರುವವರಿಗೆ ಇದೇ ಮೇಲೆಂದು ಮೂರು ಸಲ ಕೂಡಿ ಕಳೆದು ನೋಡಿದ ಮೇಲೆ ಅವರು ಒಪ್ಪಿದರು. ಕೂರುವುದರಿಂದ ಹಣ ಉಳಿಯುವುದೆಂಬುದು ಅವರಿಗೆ ಹೊಸ ಸಂಗತಿ.

ಆಕೆ ಗಂಟು ಕಟ್ಟುವ ಕಡೆಗೆ ಗಮನ ಕೊಟ್ಟರು. ಅಕ್ಕಿ, ಚಟ್ನಿಪುಡಿ, ಮೆಂತ್ಯದಹಿಟ್ಟು ಹೊರಟವು. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಒಯ್ಯಕೂಡದೆಂಬ ನಿಯಮವಿರುವುದರಿಂದ ತುಪ್ಪದ ಡಬ್ಬಿ ಮನೆಯಲ್ಲಿಯೇ ಉಳಿಯಿತು. ಬೆಣ್ಣೆಗೆ ಆ ನಾಡಿನಲ್ಲಿ ಕೊರತೆಯೆ? ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಶನಿವಾರವೇ ತರಕಾರಿ ಕೊಳ್ಳಬೇಕೆಂದು ಮಗಳು ಎಚ್ಚರಿಸಿದಳು.

ಉಳಿದದ್ದು ಯುಂಗ್‌ಫ್ರಾವ್. ಅಲ್ಲಿಯ ನಿಲ್ದಾಣವು 3,454 ಮೀಟರ್ ಎತ್ತರದಲ್ಲಿದ್ದು ಯೂರೋಪಿನ ರೈಲು ನಿಲ್ದಾಣಗಳಲ್ಲೆಲ್ಲ ಅತ್ಯುನ್ನತವಾದುದು. ವಾಯುವಿನ ಒತ್ತಡವು ಕಡಲ ಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಆಕೆ ಹೋಗುವಂತಿಲ್ಲವೆಂಬುದು ನಿಶ್ಚಯ. ಈ ರೈಲನ್ನು ಕಲ್ಪಿಸಿದವನು ಅಡೋಲ್ಫ್ ಗೂಯರ್ ಜೆಲ್ಲರ್. 1893ರಲ್ಲಿ ಮಗಳೊಡನೆ ಎದುರಿನ ಬೆಟ್ಟಗಳಲ್ಲಿ ತಿರುಗಾಡುತ್ತಿದ್ದಾಗ ಅವನಿಗೆ ಈ ಯೋಚನೆ ಹೊಳೆಯಿತು. 1896ರಲ್ಲಿ ಕೆಲಸ ಹಿಡಿಯಿತು. 1899ರಲ್ಲಿ ಅವನು ತೀರಿಕೊಂಡನು. ರೈಲು ಮೇಲೆ ಮುಟ್ಟಿದುದು 1912ರಲ್ಲಿ. ಇದನ್ನು ಓದಿದ ರಾತ್ರಿ ಯಜಮಾನರು ಬಹಳ ಹೊತ್ತು ಎಚ್ಚರವಾಗಿದ್ದು, ಬೆಳಗಾದ ಮೇಲೆ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿದರು. ಏನನ್ನೂ ಹೇಳಲಿಲ್ಲ.

ಎರಡು ದಿನಗಳ ತರುವಾಯ ಶುದ್ಧಪ್ರತಿಯನ್ನು ನೋಡುತ್ತಿದ್ದ ಆಕೆ, "ನಿಮ್ಮ ಬೆಟ್ಟ ಎಲ್ಲಿ ಹೋಯಿತು?" ಎಂದು ಕೇಳಿದರು.

"ದರ ವಿಪರೀತ. ಮಂಜು ಕವಿದರೆ ಅಷ್ಟೂ ದಂಡ."

"ಐವತ್ತು ವರ್ಷ ಬಯಸಿದ್ದನ್ನು ನನ್ನ ಹೆಸರಿನಲ್ಲಿ ಬಿಡಬೇಡಿ. ನೀವು ಬಿಟ್ಟದ್ದನ್ನು ನನ್ನ ಖಾತೆಗೆ ಖರ್ಚು ಹಾಕುವುದು ನನಗೆ ಬೇಡ" ಎಂದು ಆಕೆ ಮೆಲ್ಲನೆ ಹೇಳಿದರು. ಮದುವೆಯಾದಂದಿನಿಂದ ಆ ಮನೆಯಲ್ಲಿ ಲೆಕ್ಕದ ಭಾಷೆಯಲ್ಲಿ ಮಾತನಾಡಿದವರು ಅವರೊಬ್ಬರೇ. ಆಕೆಯ ಬಾಯಿಂದ ಅದು ಬಂದುದನ್ನು ಕೇಳಿ ಅವರು ತಲೆ ತಗ್ಗಿಸಿದರು.

ಆಮೇಲೆ ಇಬ್ಬರೂ ನಕ್ಷೆಯನ್ನು ಬಿಡಿಸಿಕೊಂಡು ಕುಳಿತರು. ಉಪಾಯವು ಅದರಲ್ಲಿಯೇ ಇದ್ದಿತು. ಯುಂಗ್‌ಫ್ರಾವ್‌ಗೆ ಕ್ಲೈನೆ ಶೈಡೆಗ್ ಎಂಬಲ್ಲಿಂದ ಒಂದು ರೈಲುದಾರಿ ಹೊರಡುವುದು. ಕೆಳಗಿನಿಂದ ಬಂದವರು ಅಲ್ಲಿ ಬಂಡಿ ಬದಲಾಯಿಸಬೇಕು. ಅದರ ಎತ್ತರ 2,061 ಮೀಟರ್. ಆಕೆ ಅಲ್ಲಿಯವರೆಗೆ ಬಂದು ಬಿಸಿಲಿನಲ್ಲಿ ಕುಳಿತಿರಬಹುದು. ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಅಲ್ಲಿಂದ ಎದುರಿಗೇ ಕಾಣುತ್ತವೆ. ಮೇಲಕ್ಕೆ ದಾರಿ ಬಹುತೇಕ ಸುರಂಗದೊಳಗೆ. "ನೀವು ಕತ್ತಲೆಯಲ್ಲಿ ಹೋಗಿ ನೋಡುವುದನ್ನು ನಾನು ಬೆಳಕಿನಲ್ಲಿ ಕುಳಿತು ನೋಡುತ್ತೇನೆ" ಎಂದು ಆಕೆ ಹೇಳಿದರು. ದಿನವನ್ನು ಗೊತ್ತುಮಾಡಲಿಲ್ಲ, ಬ್ರಿಯೆಂಜಿನ ಮೂರು ಬೆಳಗುಗಳಲ್ಲಿ ಯಾವುದು ಶುಭ್ರವೋ ಅದು.

ಏಂಗಾಡಿನ್ ಕಣಿವೆಯ ಭಾಗವನ್ನು ಆಕೆಯೇ ಕೇಳಿ ಕೇಳಿ ಬರೆಸಿದರು. ಅಲ್ಲಿಯ ಲಾರ್ಚ್ ಮರವು ಸೂಜಿಯೆಲೆಯದಾದರೂ ಎಲೆಯುದುರಿಸುವ ಜಾತಿ. ಅಕ್ಟೋಬರಿನಲ್ಲಿ ಇಡೀ ಇಳಿಜಾರು ಅರಸಿನಬಣ್ಣಕ್ಕೆ ತಿರುಗುವುದು. ಅಲ್ಲಿಗೆ ಹೋಗುವ ಆಲ್ಬುಲಾ ದಾರಿ, ಮುಂದಿನ ಬರ್ನಿನಾ ದಾರಿ ಎರಡೂ 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬೆರ್ಗ್ಯೂನ್, ಪ್ರೆಡಾ ಎಂಬ ಊರುಗಳ ನಡುವೆ ನೇರವಾಗಿ ಐದು ಕಿಲೋಮೀಟರಿನಷ್ಟು ದೂರವನ್ನು ರೈಲು ಹನ್ನೆರಡು ಕಿಲೋಮೀಟರು ಸುತ್ತಿ ಸುಳಿದು ಏರುವುದು. ಬರ್ನಿನಾದ ನೆತ್ತಿ 2,253 ಮೀಟರ್. ಅಲ್ಲಿ ರೈಲಿನ ಪಕ್ಕದಲ್ಲಿಯೇ 'ಕಪ್ಪು ಕೆರೆ', 'ಬಿಳಿ ಕೆರೆ' ಎಂಬ ಅರ್ಥದ ಹೆಸರುಳ್ಳ ಎರಡು ಸರೋವರಗಳು ಒತ್ತೊತ್ತಾಗಿವೆ. ಕಪ್ಪು ಕೆರೆಯ ನೀರು ಇನ್, ಡ್ಯಾನ್ಯೂಬ್ ನದಿಗಳ ಮೂಲಕ ಕಪ್ಪು ಸಮುದ್ರಕ್ಕೂ, ಬಿಳಿ ಕೆರೆಯ ನೀರು ಆದ್ದಾ, ಪೋ ನದಿಗಳ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೂ ಸೇರುವುವು. "ಇಲ್ಲಿ ಇಳಿದು ಮುಂದಿನ ಬಂಡಿಯವರೆಗೆ ಕೂರೋಣ" ಎಂದು ಆಕೆ ಹೇಳಿದುದನ್ನು ಯಜಮಾನರು ಕೆಂಪು ಶಾಯಿಯಲ್ಲಿಯೇ ಬರೆದರು.

ಮೇಘದೂತದ ಯಕ್ಷನು ಮೋಡಕ್ಕೆ ದಾರಿ ಹೇಳಿದ ಬಗೆ ಇಲ್ಲಿ ನೆನಪಿಗೆ ಬರುತ್ತದೆ. ಅವನಿಗಿಂತ ಅವಸರವಿದ್ದವರು ಯಾರು? ಆದರೂ ಅವನು ಆಯಾಸವಾದಾಗ ಬೆಟ್ಟದ ತುದಿಯಲ್ಲಿ ತಂಗೆಂದನು. ದಾರಿ ಸುತ್ತಾದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡವೆಂದನು. ಜತೆಯವರ ಶಕ್ತಿಯನ್ನು ಅರಿತು ಬರೆದುದೇ ದಾರಿಯ ಪಟ್ಟಿ. ಉಳಿದುದು ಬರಿಯ ಕಾಲಪಟ್ಟಿ.

ಕಡೆಯ ಪ್ರತಿಯನ್ನು ಮಗಳಿಗೆ ಕಳುಹಿಸಿದರು. ಅವಳು ಒಂದೇ ತಿದ್ದುಪಡಿ ಮಾಡಿದಳು: "ಅಪ್ಪ, ನೀವು ಜೂರಿಕ್ಕಿಗೆ ಮರಳುವುದು ಅಕ್ಟೋಬರಿನ ಕೊನೆಯ ಭಾನುವಾರ. ಆ ಬೆಳಗಿನ ಜಾವ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ನಿಮಗೆ ಒಂದು ಗಂಟೆ ಹೆಚ್ಚಿಗೆ ಸಿಕ್ಕುತ್ತದೆ."

ಯಜಮಾನರು ಲೇಖನಿಯನ್ನು ಕೈಗೆತ್ತಿಕೊಂಡರು. "ಆ ಗಂಟೆಯನ್ನು ಬರೆಯಬೇಡಿ, ಹಾಗೆಯೇ ಇರಲಿ" ಎಂದು ಆಕೆ ಒಳಗಿನಿಂದ ಹೇಳಿದರು. ಅವರು ಲೇಖನಿಯನ್ನು ಮುಚ್ಚಿ ಕೆಳಗಿಟ್ಟರು.