ಹಕಾರದ ಹಂಗು

ಬಿ.ಎ. ತರಗತಿಯಲ್ಲಿ ನಾನು ಐಚ್ಛಿಕ ಇಂಗ್ಲಿಷನ್ನು ಆರಿಸಿಕೊಂಡದ್ದು ಷೇಕ್ಸ್‌ಪಿಯರನ ಮೇಲಿನ ಭಕ್ತಿಯಿಂದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಆ ವಿಷಯದಲ್ಲಿ ಧ್ವನಿಶಾಸ್ತ್ರವೆಂಬ ಒಂದು ಭಾಗವಿದೆ, ಅದನ್ನು ಓದಿದವರ ಉಚ್ಚಾರಣೆ ನೆಟ್ಟಗಾಗುತ್ತದೆ ಎಂದು ಯಾರೋ ಹೇಳಿದ್ದರು. ಉಚ್ಚಾರಣೆ ನೆಟ್ಟಗಾದರೆ ಇಂದಿರಾನಗರದ ಯಾವುದಾದರೊಂದು ಗಾಜಿನ ಕಟ್ಟಡದಲ್ಲಿ, ತಣ್ಣನೆಯ ಕೋಣೆಯೊಳಗೆ ಕುಳಿತು, ಅಮೆರಿಕದವರೊಡನೆ ಫೋನಿನಲ್ಲಿ ಮಾತನಾಡುವ ಕೆಲಸ ಸಿಕ್ಕೀತೆಂಬುದು ನನ್ನ ಲೆಕ್ಕಾಚಾರ. ಇದು ಹೊರಗೆ ಹೇಳಿಕೊಳ್ಳುತ್ತಿದ್ದ ಕಾರಣ. ಒಳಗಿನ ಕಾರಣ ಬೇರೆಯೇ ಇತ್ತು.

ನನ್ನ ಹೆಸರು ಹನುಮಂತ. ಮನೆ ಕೃಷ್ಣರಾಜಪುರದಾಚೆ, ಹೊಸಕೋಟೆಯ ದಾರಿಯಲ್ಲಿ. ನಮ್ಮ ಮನೆಯ ಕನ್ನಡದಲ್ಲಿ ಎಲ್ಲ ಅಕ್ಷರಗಳೂ ಇವೆ, ಹಕಾರವೊಂದನ್ನು ಬಿಟ್ಟು. ನಾವು ಆಲು ಕಾಯಿಸುವವರು, ಅಣ್ಣು ಮಾರುವವರು, ಒಸ್ಕೋಟೆಗೆ ಓಗಿ ಬರುವವರು. ಇದರಲ್ಲಿ ಏನಾದರೂ ಕೊರತೆಯಿದೆಯೆಂದು ಹತ್ತು ವರ್ಷದವರೆಗೆ ನನಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿಕೊಟ್ಟದ್ದು ಕಂಟೋನ್ಮೆಂಟಿನ ಕಡೆಯ ಒಂದು ಶಾಲೆ. ಐದನೆಯ ತರಗತಿಯಲ್ಲಿ ಕನ್ನಡ ಪಾಠವನ್ನು ಗಟ್ಟಿಯಾಗಿ ಓದುವ ಸರದಿ ನನ್ನದಾಯಿತು. “ಅಕ್ಕಿ ಮರದ ಮೇಲೆ ಗೂಡು ಕಟ್ಟಿತು” ಎಂದು ಓದಿದೆ. ಮೇಷ್ಟರು ಪುಸ್ತಕದಿಂದ ತಲೆಯೆತ್ತಿ, “ಅಕ್ಕಿ ಗೂಡು ಕಟ್ಟಿದರೆ ಬೇಳೆ ಏನು ಮಾಡುತ್ತಪ್ಪ?” ಎಂದು ಕೇಳಿದರು. ಅವರು ವಿನೋದಕ್ಕೆ ಕೇಳಿರಬೇಕು. ಆದರೆ ಆ ವಿನೋದದ ಬಾಲ ಬಹಳ ಉದ್ದವಾಯಿತು. ಶಾಲೆ ಬಿಡುವವರೆಗೆ ನನ್ನ ಹೆಸರು ‘ಅಕ್ಕಿ’ ಎಂದೇ ಉಳಿಯಿತು.

ಹೆದರಿದವನು ಮೇಲೆ ಕೆಳಗೆ ನೋಡದೆ ಓಡುತ್ತಾನಷ್ಟೆ. ನಾನೂ ಕಂಡಕಂಡಲ್ಲಿ ಹಕಾರವನ್ನು ಅಂಟಿಸತೊಡಗಿದೆ. ಆನೆ ಹಾನೆಯಾಯಿತು, ಇಲಿ ಹಿಲಿಯಾಯಿತು. ಕೊನೆಗೆ ಮಾತನ್ನೇ ಕಡಮೆ ಮಾಡಿಬಿಟ್ಟೆ. ಮಾತಾಡದ ಹುಡುಗನಿಗೆ ‘ಗಂಭೀರ ಸ್ವಭಾವದವನು’ ಎಂಬ ಪ್ರಶಸ್ತಿ ಬಹು ಸುಲಭವಾಗಿ ಸಿಗುತ್ತದೆ.

ನಮ್ಮಜ್ಜಿ ಸಂತೆಯಲ್ಲಿ ಹಣ್ಣು ಮಾರುತ್ತಿದ್ದಳು. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬಂದ ದಿನ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಬಂದು ನಿಂತು, “ಅನ್ಮಂತಾ!” ಎಂದು ಕೂಗುವಳು. ಆಕೆಯದು ಸಂತೆಯ ಗಂಟಲು. ಆ ಕೂಗು ಹಿಂದಿನ ಬೀದಿಗೂ ಕೇಳಿಸುತ್ತಿತ್ತು. ಹುಡುಗರು ಅದೇ ರಾಗದಲ್ಲಿ ಕೂಗುತ್ತ ನಮ್ಮ ಹಿಂದೆ ಬಸ್ ನಿಲ್ದಾಣದವರೆಗೂ ಬರುತ್ತಿದ್ದರು. ಏಳನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ, ಬಸ್ಸಿನಲ್ಲಿ ಕುಳಿತ ಮೇಲೆ, ನಾನು ಅಜ್ಜಿಗೆ, “ನನ್ನ ಹೆಸರು ನೆಟ್ಟಗೆ ಹೇಳೋಕೆ ಬರದಿದ್ರೆ ಕರೀಲೇಬೇಡ” ಎಂದುಬಿಟ್ಟೆ. ಅಜ್ಜಿ ಏನೂ ಹೇಳಲಿಲ್ಲ. ಮಡಿಲಲ್ಲಿದ್ದ ಬುಟ್ಟಿಯನ್ನು ಸರಿಮಾಡಿಕೊಂಡು ಕಿಟಕಿಯ ಆಚೆ ನೋಡಿದಳು. ಅಂದಿನಿಂದ ನಾನು ಆಕೆಗೆ ‘ಮಗ’ನಾದೆ, ‘ಏ ಉಡುಗ’ನಾದೆ. ಹೆಸರು ಹಿಡಿದು ಕರೆಯುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು.

ಇಷ್ಟು ಸಾಮಗ್ರಿಯೊಡನೆ ನಾನು ಧ್ವನಿಶಾಸ್ತ್ರದ ತರಗತಿಯನ್ನು ಪ್ರವೇಶಿಸಿದೆ. ಇಂಗ್ಲಿಷಿನಲ್ಲಿ ಅಕ್ಷರಗಳು 26. ಆದರೆ ಇಂಗ್ಲೆಂಡಿನ ವಿದ್ಯಾವಂತರ ಮಾತಿನಲ್ಲಿ ಧ್ವನಿಗಳು 44, ಅವುಗಳಲ್ಲಿ ಸ್ವರಗಳೇ 20 ಎಂದು ಮೊದಲ ದಿನ ತಿಳಿಯಿತು. ಐದು ಸ್ವರಾಕ್ಷರಗಳು ಇಪ್ಪತ್ತು ಸ್ವರಗಳ ಸಂಸಾರವನ್ನು ತೂಗಿಸಬೇಕಾದರೆ ಕಾಗುಣಿತ ಕೆಡದೆ ಇನ್ನೇನಾದೀತು! ಡೇನಿಯಲ್ ಜೋನ್ಸ್ ಎಂಬ ವಿದ್ವಾಂಸರು 1917ರಲ್ಲಿ ಬರಿಯ ಉಚ್ಚಾರಣೆಗೆಂದೇ ಒಂದು ನಿಘಂಟನ್ನು ಹೊರತಂದರಂತೆ. ಅರ್ಥವನ್ನೇ ಹೇಳದ ನಿಘಂಟು! ನನ್ನಂಥ ಎಷ್ಟು ಮಂದಿ ಅದರ ಮುಂದೆ ಬೆವರಿದ್ದಾರೋ.

ನಮ್ಮ ಅಧ್ಯಾಪಕರು ಒಂದು ತೆಳುವಾದ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ‘ಪಿನ್’ ಎಂದರು. ಕಾಗದ ಹಾರಿತು. ‘ಸ್ಪಿನ್’ ಎಂದರು. ಕಾಗದ ಅಲುಗಲಿಲ್ಲ. ಮೊದಲನೆಯದರಲ್ಲಿ ಇರುವುದು ಮಹಾಪ್ರಾಣ, ಎರಡನೆಯದರಲ್ಲಿ ಅಲ್ಪಪ್ರಾಣ. ಇಂಗ್ಲಿಷರಿಗೆ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ, ತಾವು ಅದನ್ನು ಉಚ್ಚರಿಸುತ್ತಿದ್ದೇವೆಂಬ ಅರಿವೂ ಇಲ್ಲ. ನಮಗೆ ಅಕ್ಷರವಿದೆ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಉಂಟು. ಬಾಯಲ್ಲಿ ಮಾತ್ರ ಬಹುಮಂದಿಗೆ ಅದು ಬಾರದು. ಇದನ್ನು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು.

ತರಗತಿಯಲ್ಲಿ ನಾವೆಲ್ಲ ಒಬ್ಬೊಬ್ಬರೂ ಒಂದೊಂದು ಮಾದರಿ. ಶಿವಾಜಿನಗರದ ಉರ್ದು ಮನೆಮಾತಿನ ಗೆಳೆಯ ‘ಇಸ್ಕೂಲ್’ ಎನ್ನುವನು. ಹಲಸೂರಿನ ತಮಿಳು ಗೆಳತಿಗೆ ಕಕಾರ ಗಕಾರಗಳಲ್ಲಿ ಭೇದವಿಲ್ಲ. ಅಚ್ಚ ಕನ್ನಡದವರಾದ ನಾವು ಬಸ್ಸಿಗೂ ಕಾರಿಗೂ ಕೊನೆಯಲ್ಲೊಂದು ಉಕಾರವನ್ನು ಕಟ್ಟಿ ಕಳಿಸುವವರು, ‘ಎಂ.ಎ.’ಯನ್ನು ‘ಯಂ.ಎ.’ ಮಾಡುವವರು. ಇನ್ನೊಂದು ವಿಚಿತ್ರವನ್ನು ಕೇಳಿ. ಇಂಗ್ಲಿಷಿನ ಎಂಟನೆಯ ಅಕ್ಷರದ ಹೆಸರು ‘ಏಚ್’. ಆ ಹೆಸರಿನಲ್ಲಿ ಹಕಾರದ ಸುಳಿವಿಲ್ಲ. ಆದರೆ 1940ರಲ್ಲಿ ಸ್ಥಾಪನೆಯಾದ ನಮ್ಮ ಪಕ್ಕದ ವಿಮಾನ ಕಾರ್ಖಾನೆಯ ಹೆಸರನ್ನು ಊರ ಬೋರ್ಡುಗಳಲ್ಲಿ ನೋಡಿ: ‘ಹೆಚ್.ಎ.ಎಲ್.’ ಹಾಲಿನಿಂದ ಕಿತ್ತ ಹಕಾರವನ್ನು ಅಲ್ಲಿ ತಂದು ನೆಟ್ಟಿದ್ದೇವೆ.

ಒಂದು ದಿನ ಪದಪಟ್ಟಿಯೊಂದನ್ನು ಓದುವ ಸರದಿ ನನ್ನದಾಯಿತು. ಹಕಾರವನ್ನು ಬಿಡಕೂಡದೆಂದು ಹಲ್ಲು ಕಚ್ಚಿ ನಿಶ್ಚಯಿಸಿಕೊಂಡು ಎದ್ದು ನಿಂತೆ. ‘ಹ್ಯಾಟ್’, ‘ಹೌಸ್’ ದಾಟಿದವು. ಅದೇ ವೇಗದಲ್ಲಿ ‘ಹವರ್’ ಎಂದೆ, ‘ಹಾನೆಸ್ಟ್’ ಎಂದೆ. ತರಗತಿ ನಕ್ಕಿತು. ಏಳು ವರ್ಷದ ಹಿಂದಿನ ಅಕ್ಕಿ ಮತ್ತೆ ಮರವೇರಿ ಕುಳಿತಿತು. ಅಧ್ಯಾಪಕರು ನಗಲಿಲ್ಲ. “ಇಷ್ಟು ದಿನ ಬಿಟ್ಟ ಹಕಾರಗಳಿಗೆಲ್ಲ ಬಡ್ಡಿ ಕಟ್ಟುತ್ತಿದ್ದೀರಿ ಅಂತ ಕಾಣುತ್ತೆ. ಮನೆಯಲ್ಲಿ ಹಾಲಿಗೆ ಏನಂತೀರಿ?” ಎಂದರು. ಸುಳ್ಳು ಹೇಳಲು ಮನಸ್ಸು ಬಂದಿತ್ತು; “ಆಲು” ಎಂದೆ. ಅವರು ಹಲಸೂರಿನ ಗೆಳತಿಯನ್ನು ಕೇಳಿದರು. “ಪಾಲ್” ಎಂದಳು. ತೆಲುಗಿನ ಹುಡುಗ “ಪಾಲು” ಎಂದ. ಅಧ್ಯಾಪಕರು ಹಲಗೆಯ ಮೇಲೆ ಮೂರು ಮಾತುಗಳನ್ನು ಒಂದೇ ಸಾಲಿನಲ್ಲಿ ಬರೆದರು: ಪಾಲ್, ಹಾಲು, ಆಲು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಹಳಗನ್ನಡದಲ್ಲಿ ಹಾಲು ‘ಪಾಲ್’, ಹಣ್ಣು ‘ಪಣ್’, ಹುಲಿ ‘ಪುಲಿ’, ಹೊಸತು ‘ಪೊಸತು’. ಸುಮಾರು 10ನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಪಕಾರದ ಜಾಗಕ್ಕೆ ಹಕಾರ ಬರತೊಡಗಿತು. ನಡುಗನ್ನಡದಲ್ಲಿ ಅದೇ ರೂಢಿಯಾಯಿತು. ಪಕಾರಕ್ಕೆ ಎರಡು ತುಟಿಗಳೂ ಕೂಡಬೇಕು. ತುಟಿ ಸಡಿಲವಾದರೆ ಉಳಿಯುವುದು ಉಸಿರು; ಅದೇ ಹಕಾರ. ಆ ಉಸಿರೂ ಸಡಿಲವಾದರೆ ಉಳಿಯುವುದು ಬರಿಯ ಸ್ವರ. ಲ್ಯಾಟಿನ್ ಭಾಷೆಯಲ್ಲಿ ಮಗನಿಗೆ ‘ಫಿಲಿಯಸ್’ ಎನ್ನುತ್ತಿದ್ದರು. ಅದರಿಂದ ಹುಟ್ಟಿದ ಸ್ಪ್ಯಾನಿಷ್ ಮಾತಿನಲ್ಲಿ ಆ ಫಕಾರ ಹಕಾರವಾಗಿ, ಈಗ ಆ ಹಕಾರವೂ ಬರೆಹದಲ್ಲಿ ಮಾತ್ರ ಉಳಿದಿದೆ, ಬಾಯಲ್ಲಿಲ್ಲ. ‘ಆನೆಸ್ಟ್’ ಮತ್ತು ‘ಅವರ್’ಗಳು ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದವು, ಬರುವಾಗಲೇ ಅವುಗಳ ಹಕಾರಕ್ಕೆ ಜೀವವಿರಲಿಲ್ಲ. ಇನ್ನು ಪೂರ್ವ ಲಂಡನ್ನಿನ ಬಡಜನರಂತೂ ಅಚ್ಚ ಇಂಗ್ಲಿಷ್ ಪದಗಳ ಹಕಾರವನ್ನೂ ನುಂಗುವವರೇ. ಅವರನ್ನು ತಿದ್ದಹೊರಟ ಧ್ವನಿಶಾಸ್ತ್ರಜ್ಞನೊಬ್ಬನನ್ನು ಬರ್ನಾರ್ಡ್ ಷಾ ತನ್ನ ‘ಪಿಗ್ಮೇಲಿಯನ್’ ನಾಟಕದಲ್ಲಿ ಸೃಷ್ಟಿಸಿ, ಬೇಕೆಂದೇ ಇರಬೇಕು, ಹೆನ್ರಿ ಹಿಗಿನ್ಸ್ ಎಂದು ಎರಡೆರಡು ಹಕಾರದ ಹೆಸರಿಟ್ಟಿದ್ದಾನೆ. ಲಂಡನ್ನಾಗಲಿ ಬೆಂಗಳೂರಾಗಲಿ, ಊರಿನ ಪೂರ್ವ ದಿಕ್ಕಿಗೂ ಹಕಾರಕ್ಕೂ ಏನೋ ಹಳೆಯ ವೈರವಿದ್ದಂತಿದೆ.

“ಹಲಸೂರು ಹಲಸಿನಿಂದ ಬಂದ ಹೆಸರು ಅಂತ ಹೇಳ್ತಾರೆ. ಹಲಸಿಗೆ ತಮಿಳಿನಲ್ಲಿ ‘ಪಲಾ’. 1809ರಲ್ಲಿ ಕಂಟೋನ್ಮೆಂಟು ಕಟ್ಟಿದ ಇಂಗ್ಲಿಷರು ಆ ಊರನ್ನು ‘ಅಲ್ಸೂರ್’ ಅಂತ ಬರೆದುಕೊಂಡರು. ಅವರ ಕಿವಿಗೆ ಯಾರ ಬಾಯಿಂದ ಬಿತ್ತು ಅಂತ ಯೋಚನೆ ಮಾಡಿ” ಎಂದು ಅಧ್ಯಾಪಕರು ನನ್ನ ಕಡೆ ನೋಡಿದರು.

ಆ ಸಂಜೆ ನಾನು ನೇರವಾಗಿ ಮನೆಗೆ ಹೋಗದೆ ರಸೆಲ್ ಮಾರುಕಟ್ಟೆಗೆ ಹೋದೆ. ಪಳಂ, ಪಂಡು, ಹಣ್ಣು, ಅಣ್ಣು ನಾಲ್ಕೂ ಹತ್ತು ಮಾರು ದೂರದೊಳಗೆ ಕಿವಿಗೆ ಬಿದ್ದವು. ಸಾವಿರ ವರ್ಷದ ವ್ಯಾಕರಣ ಒಂದೇ ಸಾಲಿನಲ್ಲಿ ತಕ್ಕಡಿ ಹಿಡಿದು ಕುಳಿತಿತ್ತು. ಮನೆಗೆ ಬಂದವನೇ ಅಜ್ಜಿಗೆ ಪಾಲು–ಹಾಲು–ಆಲುಗಳ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೊನೆಯವರೆಗೂ ಕೇಳಿ, “ಅದಕ್ಕೀಗ ಏನಂತೆ?” ಎಂದಳು. ನಾನು ಹೇಳಬೇಕೆಂದುಕೊಂಡದ್ದು ಪಕಾರದ ವಿಷಯವಲ್ಲ. ಬಸ್ಸಿನ ಆ ಸಂಜೆಯ ವಿಷಯ. ಅದು ನಾಲಗೆಯ ತುದಿಗೆ ಬಂದು ನಿಂತುಬಿಟ್ಟಿತು. ಆ ನಿಲುಗಡೆಗೆ ಯಾವ ಪಠ್ಯಪುಸ್ತಕದಲ್ಲೂ ಸಂಕೇತವಿಲ್ಲ. “ಒಂದ್ಸಲ ನನ್ನೆಸ್ರು ಕರಿ ಅಜ್ಜಿ” ಎಂದೆ. ಆಕೆ ತಲೆಯೆತ್ತದೆ, “ಯಾಕೆ, ಮರ್ತೋಯ್ತಾ ನಿಂಗೆ?” ಎಂದು ಸಿಪ್ಪೆಯನ್ನು ಬಾಚಿಕೊಂಡು ಎದ್ದುಹೋದಳು.

2024ರ ಶಿವರಾತ್ರಿಯ ದಿನ ಹಲಸೂರಿನ ಸೋಮೇಶ್ವರನನ್ನು ನೋಡಬೇಕೆಂದು ಅಜ್ಜಿ ಹಟ ಹಿಡಿದಳು. ಹಿಂದಿನ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರಕ್ಕೆ ಮೆಟ್ರೋ ರೈಲು ಕೂಡಿಕೊಂಡಿತ್ತು. ಆಕೆಗೆ ಅದೇ ಮೊದಲ ಮೆಟ್ರೋ ಪ್ರಯಾಣ. ಇಂದಿರಾನಗರ ದಾಟಿದ ಮೇಲೆ, ಮುಂದಿನ ನಿಲ್ದಾಣ ಹಲಸೂರು ಎಂದು ತುಂಬು ಹಕಾರದ ಪ್ರಕಟಣೆ ಕೇಳಿಸಿತು. ಆ ಕನ್ನಡ ದನಿ ಅಪರ್ಣಾ ಅವರದು. ಅದೇ ವರ್ಷದ ಜುಲೈಯಲ್ಲಿ ಅವರು ತೀರಿಕೊಂಡರು. ನಾನು ಆ ಹಕಾರವನ್ನೇ ಮನಸ್ಸಿನಲ್ಲಿ ಪರೀಕ್ಷಿಸುತ್ತ ಕಂಬ ಹಿಡಿದು ನಿಂತಿದ್ದೆ. ಅಜ್ಜಿ, “ಅಲಸೂರು ಬಂತು, ನಡಿ” ಎಂದವಳೇ ಸಂತೆಯಲ್ಲಿ ನುಗ್ಗುವಂತೆ ನುಗ್ಗಿ ಇಳಿದುಬಿಟ್ಟಳು. ನಡುವೆ ಜನ ಅಡ್ಡವಾದರು. ಬಾಗಿಲು ಮುಚ್ಚುವ ಸದ್ದು ಮೊದಲಾಯಿತು. ಹೊರಗೆ ನಿಂತು ತಿರುಗಿ ನೋಡಿದ ಅಜ್ಜಿಗೆ ನಾನು ಕಾಣಲಿಲ್ಲ.

“ಅನ್ಮಂತಾ!”

ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಬಂದೆ ಅಜ್ಜಿ” ಎಂದು ಕೂಗುತ್ತ ನಾನು ಜನರನ್ನು ತಳ್ಳಿಕೊಂಡು ಇಳಿದೆ.